ಅಮ್ಮನ ಹೊಟ್ಟೆಯ ಎರಡನೇ ಕಲ್ಲು

ಪಿತ್ತಕೋಶದ ಕಲ್ಲು ಕರುಳಿಗೆ ಅಡ್ಡ ಕೂರುತ್ತದೆ ಅಂತ ನನಗೆ ಗೊತ್ತಾಗಿದ್ದೇ ಹಾಸನದ ಆಸ್ಪತ್ರೆಯಲ್ಲಿ. ಅಮ್ಮನಿಗೆ ಆಗಲೇ ಎಪ್ಪತ್ತು ದಾಟಿತ್ತು. ದೊಡ್ಡ ಕಲ್ಲು ವರ್ಷಗಟ್ಟಲೆ ಒತ್ತಿ ಒತ್ತಿ ಪಿತ್ತಕೋಶದ ಗೋಡೆ ಸವೆದು, ಪಕ್ಕದ ಸಣ್ಣ ಕರುಳಿಗೆ ದಾರಿಯಾಗುತ್ತದಂತೆ. ಅಲ್ಲಿಂದ ಇಳಿದ ಕಲ್ಲು, ಸಾಮಾನ್ಯವಾಗಿ 2.5 ಸೆಂಟಿಮೀಟರ್‌ಗಿಂತ ದೊಡ್ಡದಾದರೆ, ಸಣ್ಣ ಕರುಳು ಮುಗಿಯುವ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಕರುಳು ಕೊಯ್ದು ಕಲ್ಲು ತೆಗೆದರು. ಪಿತ್ತಕೋಶಕ್ಕೆ ಕೈ ಹಾಕಲಿಲ್ಲ. ವಾಂತಿ ಮಾಡಿ ಸೋತಿದ್ದ ಜೀವ, ಆಪರೇಷನ್ ಉದ್ದ ಎಳೆಯೋದು ಅಪಾಯ ಅಂದರು. ಅದು ಸರಿಯೇ ಅಂತ ನನಗೆ ಈಗಲೂ ಅನಿಸುತ್ತದೆ.

ಮೂಡಿಗೆರೆಯಲ್ಲಿ ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಮತ್ತೆ ವಾಂತಿ. ಹಸಿರು ನೀರು. ಹೊಟ್ಟೆ ಬಿಗಿದು ಉಬ್ಬಿತ್ತು, ಗ್ಯಾಸ್ ಕೂಡ ಹೋಗುತ್ತಿರಲಿಲ್ಲ. ನೋಡಲು ಬಂದವರು, ಆಪರೇಷನ್ ಆದವರಿಗೆ ಕರುಳು ಅಂಟಿಕೊಳ್ಳುತ್ತೆ, ಇದೂ ಅದೇ ಅಂದರು. ಹಾಗೆ ಆಗೋದು ಉಂಟು. ಅಮ್ಮ ಮಾತ್ರ, "ಮೊನ್ನಿನ ನೋವೇ ಕಣೋ, ಬಂದು ಬಂದು ಹೋಗ್ತದೆ" ಅಂದಳು. ನೋವು ಅನುಭವಿಸಿದವರ ಮಾತಿಗಿಂತ ಬೇರೆ ಸಾಕ್ಷಿ ಬೇಕಾ? ಹಳೇ ಫೈಲು, ಡಬ್ಬಿಯಲ್ಲಿದ್ದ ಮೊದಲನೇ ಕಲ್ಲು ಎರಡನ್ನೂ ಹಿಡಿದು ಬೇಲೂರಿನ ಮೇಲೆ ಹಾಸನಕ್ಕೆ ಹೊರಟೆವು.

ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದರು, ಡ್ರಿಪ್ ಏರಿಸಿದರು. ಸಿಟಿ ಸ್ಕ್ಯಾನ್‌ನಲ್ಲಿ ಪಿತ್ತನಾಳದೊಳಗೆ ಕರುಳಿನ ದಾರಿಯಿಂದ ನುಗ್ಗಿದ ಗಾಳಿ, ಕರುಳಲ್ಲಿ ಮತ್ತೊಂದು ಕಲ್ಲು. ಸರ್ಜನ್ ಡಬ್ಬಿ ತೆರೆದು ಹಳೇ ಕಲ್ಲನ್ನು ಬೆಳಕಿಗೆ ಹಿಡಿದರು. ಅಡಿಕೆಯಷ್ಟು ಗಾತ್ರ, ಕಂದು ಬಣ್ಣ, ಒಂದು ಮಗ್ಗುಲು ಮಾತ್ರ ಉಜ್ಜಿದಂತೆ ಚಪ್ಪಟೆ, ನುಣುಪು.

"ಇದೊಂದೇ ಇದ್ದಿದ್ರೆ ದುಂಡಗಿರ್ತಿತ್ತು. ಪಕ್ಕದಲ್ಲಿ ಇನ್ನೊಂದು ಇದ್ದಾಗ ಹೀಗೆ ಸವೀತದೆ" ಅಂದರು. ನೂರಕ್ಕೆ ಸುಮಾರು 5 ಜನರಿಗೆ ಹೀಗೆ ಮರುಕಳಿಸುತ್ತದಂತೆ, ಹೆಚ್ಚಾಗಿ ಮೊದಲ 6 ತಿಂಗಳೊಳಗೆ.

ಈ ಸಲ ಕಲ್ಲು ತೆಗೆದ ಮೇಲೆ ಕರುಳನ್ನು ಮೊದಲಿಂದ ಕೊನೆಯವರೆಗೂ ಬೆರಳಲ್ಲಿ ಸವರಿ ನೋಡಿದರಂತೆ. ಪಿತ್ತಕೋಶವನ್ನೂ ಮುಟ್ಟಿ ನೋಡಿದರು, ಕಲ್ಲು ಸಿಗಲಿಲ್ಲ. ಕಲ್ಲೆಲ್ಲ ಹೋದರೆ ಪಿತ್ತಕೋಶದಿಂದ ಕರುಳಿಗೆ ಆಗಿದ್ದ ಆ ದಾರಿ ತಾನಾಗೇ ಮುಚ್ಚಿಕೊಳ್ಳೋದೂ ಉಂಟು ಅಂತ ನನಗೆ ಧೈರ್ಯ ಹೇಳಿದರು.

ಅಮ್ಮ ಈಗ ಗಂಜಿಯಿಂದ ಮೆತ್ತಗಿನ ಅನ್ನಕ್ಕೆ ಬಂದಿದ್ದಾಳೆ. ಮುಂದಿನ ತಿಂಗಳು ಸ್ಕ್ಯಾನ್ ಇದೆ. ಪಿತ್ತಕೋಶ ತೆಗೆಯೋದೋ ಬಿಡೋದೋ ಅನ್ನೋದು ಅದಾದ ಮೇಲೆ ತೀರ್ಮಾನ.