ಇಷ್ಟೆಲ್ಲ ಆದ ಮೇಲೂ ಚರ್ಚಿಗೆ ಹೇಗೆ ಹೋಗ್ತೀರಿ?

ಈ ಪ್ರಶ್ನೆ ಕೇಳುವವರಲ್ಲಿ ಮೂರು ಥರ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ. "ಪಾಪ" ಅನ್ನಲು ಒಂದು ನೆಪ ಬೇಕು, ಅಷ್ಟೇ. ನಮ್ಮ ಅಕ್ಕನ ಮಗನಿಗೆ ಬೇಕಿರುವುದು ವಾದ. ಬೆಂಗಳೂರಿನಿಂದ ಫೋನ್ ಮಾಡಿದಾಗಲೆಲ್ಲ "ಚಿಗವ್ವ, ನಿನ್ನ ದೇವರು ಅವತ್ತ ಎಲ್ಲಿ ಹೋಗಿದ್ದ?" ಅಂತ ಶುರು ಮಾಡುತ್ತಾನೆ. ನಾನು "ಊಟ ಆತೇನು?" ಅಂತ ಕೇಳಿ ಮಾತು ತಿರುಗಿಸುತ್ತೇನೆ.

ಮೂರನೆಯವಳು ಹೋದ ತಿಂಗಳು ಕೇಳಿದಳು. ಹತ್ತನೇ ಕ್ಲಾಸಿನ ಹುಡುಗಿ. ಜನವರಿಯಲ್ಲಿ ಅವಳ ಅವ್ವ ತೀರಿಕೊಂಡಳು. ಗಣಿತದ ಪಿರಿಯಡ್ ಮುಗಿದು ಎಲ್ಲರೂ ಹೊರಗೆ ಹೋದ ಮೇಲೆ, ಅಳಿಸಿದ ಬೋರ್ಡನ್ನೇ ಮತ್ತೆ ಮತ್ತೆ ಒರೆಸುತ್ತಾ, ನನ್ನ ಕಡೆ ನೋಡದೆ ಕೇಳಿದಳು. "ಟೀಚರ್, ಇಷ್ಟೆಲ್ಲಾ ಆದ ಮ್ಯಾಲೂ ನೀವು ಚರ್ಚಿಗೆ ಹೆಂಗ್ ಹೋಗ್ತೀರಿ?" ಬೆಲ್ ಹೊಡೆಯಿತು. ನಾಳೆ ಹೇಳ್ತೀನಿ ಅಂದೆ. ಹೇಳಲಿಲ್ಲ. ಇದು ಅವಳಿಗೆ ಕೊಡಬೇಕಾಗಿದ್ದ ಉತ್ತರ.

ಆದದ್ದು ಇಷ್ಟು. 2021ರ ಮೇ ತಿಂಗಳಲ್ಲಿ, ಕೊರೋನಾ ಎರಡನೇ ಅಲೆಯಲ್ಲಿ, ನಮ್ಮ ಮನೆಯವರು ಹೋದರು. ಹನ್ನೊಂದು ದಿನ ಆಸ್ಪತ್ರೆ. ಒಳಗೆ ಬಿಡುತ್ತಿರಲಿಲ್ಲ. ವಿಡಿಯೋ ಕಾಲಿನಲ್ಲಿ ಮಾಸ್ಕಿನ ಮೇಲಿನ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಮಣ್ಣು ಮಾಡುವಾಗ ಐದೇ ಜನ. ನಮ್ಮಲ್ಲಿ ಹಾಡಿಲ್ಲದೆ ಯಾರನ್ನೂ ಮಣ್ಣಿಗೆ ಕೊಡುವುದಿಲ್ಲ. ಅದೂ ಇವರು ನಮ್ಮ ಚರ್ಚಿನ ಹಾಡುಗಾರರ ತಂಡ ಕ್ವಾಯರಿನಲ್ಲಿ ಇಪ್ಪತ್ತು ವರ್ಷ ಬೇಸ್, ಅಂದರೆ ತಗ್ಗಿನ ಗಂಡು ದನಿ, ಹಾಡಿದವರು. ಅವತ್ತು ಪಿಪಿಇ ಕಿಟ್ಟಿನೊಳಗಿಂದ ಪಾಸ್ಟರ್ ಒಬ್ಬರೇ ಒಂದು ಚರಣ ಹಾಡಿದರು. ಪಾಪ, ಅವರಿಗೆ ಶ್ರುತಿ ಹತ್ತುವುದಿಲ್ಲ. ಇವರು ಇದ್ದಿದ್ದರೆ ಮನೆಗೆ ಬಂದು ನಗುತ್ತಿದ್ದರು.

ಈಗ ಉತ್ತರ. ಮೊದಲು ಹೇಳಬೇಕಾದದ್ದು, ನನ್ನ ನಂಬಿಕೆ ಆಗ ನನ್ನನ್ನು ಎತ್ತಿ ಹಿಡಿಯಲಿಲ್ಲ. ನಾಲ್ಕು ತಿಂಗಳು ಪ್ರಾರ್ಥನೆಗೆ ಬಾಯಿ ಬರಲಿಲ್ಲ. ಬೈಬಲ್ ತೆಗೆದರೆ ಅಕ್ಷರ ಕಾಣುತ್ತಿದ್ದವು, ಅರ್ಥ ಇಳಿಯುತ್ತಿರಲಿಲ್ಲ. ರಾತ್ರಿ ನಿದ್ದೆ ಇಲ್ಲ. ಡಾಕ್ಟರ್ ಹತ್ತಿರ ಹೋಗಿ ಮಾತ್ರೆ ತೆಗೆದುಕೊಂಡೆ. ಇದನ್ನು ಬೇಕಂತಲೇ ಬರೆಯುತ್ತಿದ್ದೇನೆ. "ಪ್ರಾರ್ಥನೆ ಇದ್ದರೆ ಸಾಕು, ಮಾತ್ರೆ ಯಾಕೆ?" ಅನ್ನುವವರು ನಮ್ಮಲ್ಲಿ ಇದ್ದಾರೆ. ಅವರೇ ಬಿಪಿಗೆ ದಿನಾ ಒಂದು ಮಾತ್ರೆ ನುಂಗುತ್ತಾರೆ, ಅಲ್ವಾ?

ಸಮಾಧಾನ ಹೇಳಲು ಬಂದವರ ಕಥೆ ಬೇರೆ. "ದೇವರ ಚಿತ್ತ" ಅಂದವರನ್ನು ಹೇಗೋ ಸಹಿಸಿದೆ. ಹೊರಊರಿನಿಂದ ಬಂದಿದ್ದ ಬೋಧಕರೊಬ್ಬರು ನಮ್ಮ ಮನೆಯ ಕುರ್ಚಿಯ ಮೇಲೆ ಕೂತು, "ನಿಮ್ಮ ನಂಬಿಕೆ ಇನ್ನೂ ಸ್ವಲ್ಪ ಗಟ್ಟಿ ಇದ್ದಿದ್ದರೆ..." ಅಂದರು. ಮುಂದಿನ ಮಾತು ನನಗೆ ಕೇಳಿಸಲಿಲ್ಲ. ಎದ್ದು ಒಳಗೆ ಹೋದೆ. ಚಹಾ ತರಲು ಹೋದಳು ಅಂತ ಅವರು ಬಹಳ ಹೊತ್ತು ಕಾದರಂತೆ.

ಬೈಬಲಿನಲ್ಲಿ ಬರುವ ಯೋಬನ ಗೆಳೆಯರು ಇವರಿಗಿಂತ ಎಷ್ಟೋ ವಾಸಿ. ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬನ ಪಕ್ಕ ಅವರು ಏಳು ದಿನ, ಏಳು ರಾತ್ರಿ ಒಂದೂ ಮಾತಾಡದೆ ಕೂತರು. ಬಾಯಿ ತೆರೆದ ಮೇಲೇ ಕೆಟ್ಟದ್ದು.

ನಮ್ಮ ಪಾಸ್ಟರ್ ಒಂದು ಸಂಜೆ ಬಂದರು. ಶ್ರುತಿ ಹತ್ತದ ಅವರೇ. ಉಪದೇಶ ಮಾಡಲಿಲ್ಲ. "ನಿಮಗೆ ಪ್ರಾರ್ಥನೆ ಮಾಡೋಕೆ ಆಗ್ತಾ ಇಲ್ಲ ಅಂತ ಗೊತ್ತು. ಇದನ್ನ ಓದ್ತೀನಿ, ಸುಮ್ನೆ ಕೇಳಿ" ಅಂದು ಬೈಬಲಿನ 88ನೇ ಕೀರ್ತನೆ ಓದಿದರು. ಚಿಕ್ಕಂದಿನಿಂದ ಬೈಬಲ್ ಓದಿದವಳು ನಾನು. 23 ಬಾಯಿಪಾಠ, 121 ಬಾಯಿಪಾಠ. 88ನ್ನು ಯಾರೂ ನನಗೆ ಕಲಿಸಿರಲಿಲ್ಲ. ಕಲಿಸುವಂಥದ್ದೂ ಅಲ್ಲ ಬಿಡಿ. ಹಗಲು ರಾತ್ರಿ ಕೂಗಿದರೂ ಯಾಕೆ ಮುಖ ತಿರುಗಿಸಿಕೊಂಡೆ, ನನ್ನ ಆಪ್ತರನ್ನೆಲ್ಲ ಯಾಕೆ ದೂರ ಮಾಡಿದೆ ಅಂತ ದೇವರನ್ನೇ ನಿಲ್ಲಿಸಿ ಕೇಳುತ್ತಾನೆ ಬರೆದವನು. ಬೇರೆ ಬಹಳಷ್ಟು ಗೋಳಿನ ಕೀರ್ತನೆಗಳಲ್ಲಿ ಕೊನೆಗಾದರೂ ಒಂದು ಸ್ತೋತ್ರದ ಮಾತು ಬರುತ್ತದೆ. ಇದರಲ್ಲಿ ಅದೂ ಇಲ್ಲ. ಹೀಬ್ರೂ ಮೂಲದಲ್ಲಿ ಇದರ ಕಟ್ಟಕಡೆಯ ಪದವೇ ಕತ್ತಲೆ.

ಓದಿ, ಪುಸ್ತಕ ಮುಚ್ಚಿ, ಪಾಸ್ಟರ್ ಹೋದರು. ಆ ರಾತ್ರಿ ನಾನು ಮೊದಲ ಸಲ ದೇವರ ಜೊತೆ ಜಗಳ ಮಾಡಿದೆ. ಜೋರಾಗಿ, ಅಡುಗೆಮನೆಯಲ್ಲಿ, ಅವಾಚ್ಯ ಒಂದೆರಡು ಸೇರಿಸಿ. ಆಮೇಲೆ ಹೊಳೆಯಿತು: ನಾಲ್ಕು ತಿಂಗಳಲ್ಲಿ ನಾನು ಮಾಡಿದ ಮೊದಲ ಪ್ರಾರ್ಥನೆ ಅದು. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಭಾಗ ಇಂಥ ದೂರು, ಇಂಥ ಅಳು. ಇಷ್ಟೆಲ್ಲ ಬೈಗುಳವನ್ನು ತನ್ನ ಪುಸ್ತಕದಲ್ಲೇ ಇಟ್ಟುಕೊಂಡ ದೇವರಿಗೆ ನನ್ನ ಎರಡು ಮಾತು ಭಾರ ಆಗಲಿಕ್ಕಿಲ್ಲ ಅನ್ನಿಸಿತು.

ಇನ್ನೊಂದು ವಿಷಯ ರೊಟ್ಟಿಯದು.

ಎದುರು ಮನೆಯ ಅಕ್ಕ ಲಿಂಗಾಯತರು. ಚರ್ಚಿನ ಸ್ತ್ರೀಯರ ಕೂಟದವರು ಸರದಿ ಹಾಕಿಕೊಂಡು ಊಟ ಕಳಿಸುತ್ತಿದ್ದಾರೆ ಅಂತ ಅವರಿಗೆ ಹೇಗೋ ಗೊತ್ತಾಯಿತು. "ಗುರುವಾರ ನಂದು" ಅಂದರು. ಯಾರನ್ನೂ ಕೇಳಲಿಲ್ಲ. ಗುರುವಾರ ಮಧ್ಯಾಹ್ನ ಸ್ಟೀಲ್ ಡಬ್ಬಿ ಬರುತ್ತಿತ್ತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅವರ ಅತ್ತೆಯ ಹೆಸರು. ಒಳಗೆ ಬಿಳಿ ಅರಿವೆಯಲ್ಲಿ ಸುತ್ತಿದ ಎರಡು ಬಿಸಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಅಕ್ಕ ಒಳಗೆ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಇಟ್ಟು ಬಾಗಿಲು ಬಡಿದು ಹೋಗುತ್ತಿದ್ದರು. ಮೊದಲು ಕೊರೋನಾ ಭಯ. ಆಮೇಲೆ ನನ್ನ ಮುಖ ನೋಡುವ ಭಯ ಇರಬೇಕು.

ಆಗ ನನಗೆ ಬೈಬಲಿನ ಪ್ರವಾದಿ ಎಲೀಯನ ಕಥೆ ಬೇರೆ ಥರ ಕಂಡಿತು. ಸಂಡೇ ಸ್ಕೂಲಿನಲ್ಲಿ ನಾವು ಕಲಿತದ್ದು ಆಕಾಶದಿಂದ ಬೆಂಕಿ ಇಳಿಸಿದ ಎಲೀಯನನ್ನು. ಅದರ ಮುಂದಿನ ಅಧ್ಯಾಯವನ್ನು ಮಕ್ಕಳಿಗೆ ಅಷ್ಟು ಹೇಳುವುದಿಲ್ಲ. ರಾಣಿ ಈಜೆಬೆಲಳಿಗೆ ಹೆದರಿ ಓಡಿದ ಅವನು ಕಾಡಿನಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತಗೋ ಅನ್ನುತ್ತಾನೆ. ಹಾಗೇ ಮಲಗುತ್ತಾನೆ. ದೇವದೂತ ಬಂದು ತಟ್ಟಿ ಎಬ್ಬಿಸುತ್ತಾನೆ. ಧೈರ್ಯದ ಮಾತಿಲ್ಲ, ಬೈಗುಳವಿಲ್ಲ. ಎದ್ದು ಊಟ ಮಾಡು ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದ, ಕುಡಿದ, ಮತ್ತೆ ಮಲಗಿಬಿಟ್ಟ. ದೂತ ಎರಡನೇ ಸಲ ಬಂದ. ಮತ್ತೆ ರೊಟ್ಟಿ. ದೇವರು ಮಾತಾಡಿದ್ದು ಅದಾಗಿ ನಲವತ್ತು ದಿನದ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಈ ರೊಟ್ಟಿಯ ಎಳೆ ಹಿಡಿದರೆ ಇನ್ನೊಂದು ಕಡೆಗೂ ಹೋಗುತ್ತದೆ. ನಮ್ಮ ಭಾಗಕ್ಕೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಬಂದದ್ದು ಹೀಗೆ: ಧಾರವಾಡಕ್ಕೆ 1837, ಹುಬ್ಬಳ್ಳಿಗೆ 1839. ಅವರು ತಂದ ಜರ್ಮನ್ ರಾಗಗಳನ್ನು ನಾವು ಇವತ್ತಿಗೂ ಹಾಡುತ್ತೇವೆ. ಜರ್ಮನ್ ಹಾಡುಗಳಲ್ಲೆಲ್ಲ ಬಹಳ ಹೆಸರಾದ ಒಂದು ಕೃತಜ್ಞತೆಯ ಹಾಡನ್ನು ಬರೆದವರು ಮಾರ್ಟಿನ್ ರಿಂಕಾರ್ಟ್. ಜರ್ಮನಿಯ ಸ್ಯಾಕ್ಸನಿಯಲ್ಲಿನ ಐಲೆನ್‌ಬರ್ಗ್ ಅನ್ನುವ ಊರಿನ ಪಾದ್ರಿ. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷದ ಯುದ್ಧದಲ್ಲಿ ಸುತ್ತಲಿನ ಜನ ಜೀವ ಉಳಿಸಿಕೊಳ್ಳಲು ಆ ಕೋಟೆಯ ಊರಿಗೆ ಓಡಿ ಬಂದರು. ಊರು ಕಿಕ್ಕಿರಿಯಿತು. 1637ರಲ್ಲಿ ಪ್ಲೇಗ್. ಆ ಒಂದು ವರ್ಷದಲ್ಲಿ ರಿಂಕಾರ್ಟ್ 4,000ಕ್ಕೂ ಜಾಸ್ತಿ ಜನರನ್ನು ಮಣ್ಣು ಮಾಡಿದರು. ಕೆಲವು ದಿನ 40, 50. ಅವರಲ್ಲಿ ಒಬ್ಬಳು ಅವರ ಹೆಂಡತಿ.

ಹೆಣಗಳ ನಡುವೆ ನಿಂತು ಆ ಹಾಡು ಬರೆದರು ಅಂತ ಪ್ರಸಂಗಗಳಲ್ಲಿ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಅದು ಮೊದಲು ಮಕ್ಕಳು ಊಟಕ್ಕೆ ಕೂತಾಗ ಹೇಳಲಿ ಅಂತ, ಪ್ಲೇಗಿಗೆ ಸ್ವಲ್ಪ ಮುಂಚೆ, ಸುಮಾರು 1636ರ ಹೊತ್ತಿಗೆ ಮಾಡಿದ ಪ್ರಾರ್ಥನೆ ಅನ್ನುತ್ತಾರೆ. ನನಗೆ ಇದೇ ಜಾಸ್ತಿ ಇಷ್ಟ. ಯಾಕೆಂದರೆ ಅದರ ಮರುವರ್ಷವೂ ಆ ಮನೆಯಲ್ಲಿ ಊಟಕ್ಕೆ ಕೂತಿರುತ್ತಾರೆ, ಅಲ್ವಾ? ಅವ್ವ ಇಲ್ಲದ ಮಕ್ಕಳು. ಅದೇ ಪ್ರಾರ್ಥನೆ ಹೇಳಬೇಕು. ಮೊದಲ ಸಲ ಹೇಗೆ ಹೇಳಿರಬೇಕು?

ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ನಂಬಿಕೆ, ಪ್ರೀತಿಯ ಜೊತೆಗೆ ಬರುವ ಮೂರನೇ ಮಾತು 'ನಿರೀಕ್ಷೆ'. ಆಸೆ ಅಂತ ಇಲ್ಲ. ಚಿಕ್ಕವಳಿದ್ದಾಗ ಆ ಪದ ಸಪ್ಪೆ ಅನ್ನಿಸುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಮಾಡುವ ಕೆಲಸದ ಹಾಗೆ. ಈಗ ಅದೇ ಸರಿ ಅನ್ನಿಸುತ್ತದೆ. ಆಸೆ ಮನಸ್ಸಿನಲ್ಲಿ ಹುಟ್ಟಬೇಕು. ಹುಟ್ಟದಿದ್ದರೆ ಏನೂ ಮಾಡುವ ಹಾಗಿಲ್ಲ. ಕಾಯುವುದು ಹಾಗಲ್ಲ. ಮನಸ್ಸಿಲ್ಲದಿದ್ದರೂ ಕಾಯಬಹುದು. ಬಸ್ ಬರುತ್ತದೆ ಅಂತ ಪಕ್ಕದವರು ನಂಬಿ ಕೂತಿದ್ದರೆ ಅವರ ಜೊತೆ ನಾವೂ ಕೂರಬಹುದು. ಯೇಸು ಸತ್ತ ಮೂರನೇ ದಿನ ಜೆರುಸಲೇಮಿನಿಂದ ಎಮ್ಮಾಹುವಿಗೆ ಹೊರಟ ಇಬ್ಬರು ಶಿಷ್ಯರು, ಆತನೇ ನಮ್ಮನ್ನು ಬಿಡಿಸುತ್ತಾನೆ ಅಂತ ನಿರೀಕ್ಷಿಸಿದ್ದೆವು ಅನ್ನುತ್ತಾರೆ. ನಿರೀಕ್ಷೆ ಮುಗಿದುಹೋದವರ ಮಾತು. ಜೊತೆಗೆ ನಡೆಯುತ್ತಿರುವವನು ಸಾವಿನಿಂದ ಎದ್ದು ಬಂದ ಯೇಸುವೇ ಅಂತ ಏಳು ಮೈಲಿ ನಡೆದರೂ ಅವರಿಗೆ ತಿಳಿಯಲಿಲ್ಲ. ಗುರುತು ಹತ್ತಿದ್ದು ಊಟಕ್ಕೆ ಕೂತು ಅವನು ರೊಟ್ಟಿ ಮುರಿದಾಗ.

ಚರ್ಚಿಗೆ ನಾನು ಹೋಗುವುದು ಅದಕ್ಕೇ. ಮೊದಮೊದಲು ಹಾಡುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಬೇರೆಯವರು ಹಾಡುವುದನ್ನು ಕೇಳಿ ಬರುತ್ತಿದ್ದೆ. ಬೇಸ್ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಈಗ ಅಲ್ಲಿ ಒಬ್ಬ ಹುಡುಗ ನಿಲ್ಲುತ್ತಾನೆ. ಚೆನ್ನಾಗಿಯೇ ಹಾಡುತ್ತಾನೆ. ಕೆಲವು ಭಾನುವಾರ ಅವನ ಮೇಲೆ ಸಿಟ್ಟು ಬರುತ್ತದೆ. ನನ್ನ ಗಂಡ ಮತ್ತೆ ಏಳುತ್ತಾರೆ ಅಂತ ನಾನು ನಂಬುತ್ತೇನೆ. ಅವರ ಕಪಾಟಿನ ಬಾಗಿಲನ್ನು ಇವತ್ತಿಗೂ ಪೂರ್ತಿ ತೆಗೆಯುವುದಿಲ್ಲ. ಎರಡೂ ನಿಜ.

ನಮ್ಮ ಕಡೆ ಬೇರೆಯವರ ಡಬ್ಬಿಯನ್ನು ಬರಿದಾಗಿ ವಾಪಸ್ ಕೊಡುವುದಿಲ್ಲ. ನಾನು ಎಷ್ಟೋ ಗುರುವಾರ ಬರೀ ಡಬ್ಬಿಯನ್ನೇ ಕೊಟ್ಟೆ. ತೊಳೆದು ಕೊಟ್ಟದ್ದೇ ದೊಡ್ಡದು. ಅಕ್ಕ ಏನೂ ಅನ್ನಲಿಲ್ಲ. ಡಿಸೆಂಬರಿನ ಒಂದು ಗುರುವಾರ, ಕ್ರಿಸ್ಮಸ್ಸಿಗೆ ಇನ್ನೂ ಎರಡು ವಾರ ಇತ್ತು, ಡಬ್ಬಿ ಒರೆಸಿದವಳು ಯೋಚನೆಯೇ ಮಾಡದೆ ಒಂದು ಹಿಡಿ ಸಕ್ಕರೆ ಹಾಕಿ ಮುಚ್ಚಳ ಒತ್ತಿದೆ. ಅಕ್ಕ ಅಲ್ಲೇ ಕಟ್ಟೆಯ ಹತ್ತಿರ ತೆಗೆದು ನೋಡಿದರು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. "ಮುಂದಿನ ವಾರ ಎಣ್ಣಿಗಾಯಿ ಮಾಡ್ತೀನಿ" ಅಂದು ರಸ್ತೆ ದಾಟಿದರು.

ಆ ಹುಡುಗಿ ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬಳೇ ಬೇವಿನ ಗಿಡದ ಕೆಳಗೆ ಕೂರುತ್ತಾಳೆ. ನಾಳೆ ಎರಡು ಡಬ್ಬಿ ಒಯ್ಯಬೇಕು.