ಸೊಂಟದ ಕೀಲಿನ ಮೇಲೆ ನಿಂತ ವೃತ್ತಿ

ಐಸ್ ಹಾಕಿ ಗೋಲ್‌ಕೀಪರ್ ಅಂದರೆ ಚುರುಕು ಕೈ ಅಂದುಕೊಳ್ಳುವವರೇ ಹೆಚ್ಚು. ನಿಜವಾಗಿ ಅವರ ವೃತ್ತಿಯ ಭಾರವೆಲ್ಲ ಸೊಂಟದ ಕೀಲಿನ ಮೇಲೆ. ಬಟರ್‌ಫ್ಲೈ ಭಂಗಿಯಲ್ಲಿ ಮಂಡಿಗಳೆರಡೂ ಒಟ್ಟಿಗೆ ಐಸಿಗೆ ಇಳಿದು, ಪಾದಗಳು ಹೊರಕ್ಕೆ ಹರಡಿ, ಕಾಲಿಗೆ ಕಟ್ಟಿದ ಪ್ಯಾಡುಗಳು ಗೋಡೆಯಂತೆ ನಿಲ್ಲಬೇಕು. ಪ್ರತಿ ಸಲವೂ ತೊಡೆಮೂಳೆ ಒಳಕ್ಕೆ ತಿರುಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಕೀಲಿನ ಅಂಚಿನ ಮೃದ್ವಸ್ಥಿ ಸವೆದು ಹರಿಯಬಹುದು. ನೋವು ಬಂದ ಮೇಲೂ ಆಡುವವರಿದ್ದಾರಲ್ಲ, ನೆನೆದರೆ ಸಂಕಟವಾಗುತ್ತದೆ.

ಗೋಲು 6 ಅಡಿ ಅಗಲ, 4 ಅಡಿ ಎತ್ತರ. ಚೆಂಡಿನ ಬದಲು ಬಳಸುವ ರಬ್ಬರಿನ ಬಿಲ್ಲೆ, ಅಂದರೆ ಪಕ್‌ನ ವ್ಯಾಸ 3 ಅಂಗುಲ ಅಷ್ಟೇ. ಗೋಲಿನ ಗೆರೆಯ ಮೇಲೇ ನಿಂತರೆ ಮೂಲೆಗಳೆಲ್ಲ ತೆರೆದಿರುತ್ತವೆ. ತುಸು ಮುಂದೆ ಬಂದರೆ ಹೊಡೆಯುವವನ ಕಣ್ಣಿಗೆ ಗೋಲು ಕಿರಿದಾಗುತ್ತದೆ. ತೀರಾ ಮುಂದೆ ಬಂದರೋ, ಒಂದು ಅಡ್ಡ ಪಾಸ್ ಸಾಕು, ಬೆನ್ನ ಹಿಂದೆ ಬಲೆ ಖಾಲಿ. ಹೊಡೆತಕ್ಕೂ ಮೊದಲೇ ಮಂಡಿಯೂರಿದರೆ ಭುಜದ ಮೇಲಿನ ಜಾಗ ಬಿಟ್ಟುಕೊಟ್ಟ ಹಾಗೆ. ಹೊಸಬರು ಹೆಚ್ಚು ಎಡವುವುದು ಇಲ್ಲೇ.

ಈ ತಾಳ್ಮೆ ಬರಲು ವರ್ಷಗಳು ಬೇಕು. ಜೆಕ್ ಗೋಲ್‌ಕೀಪರ್ ಡೊಮಿನಿಕ್ ಹಾಶೆಕ್, ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ 1983ರಲ್ಲಿ 199ನೆಯವರಾಗಿ ಆಯ್ಕೆಯಾದರು. ಅಲ್ಲಿ ಮೊದಲ ಪಂದ್ಯ ಆಡುವಷ್ಟರಲ್ಲಿ 25 ದಾಟಿತ್ತು. 1997, 1998ರಲ್ಲಿ ಸತತವಾಗಿ ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ, 1998ರ ನಾಗಾನೋ ಒಲಿಂಪಿಕ್ಸ್‌ನಲ್ಲಿ ಚಿನ್ನ, ಎಲ್ಲವೂ ಮೂವತ್ತರ ನಂತರವೇ.