ಬಾಲ ಆಟಕ್ಕುಂಟು, ಲೆಕ್ಕಕ್ಕಿಲ್ಲ

ಝೂನಲ್ಲಿ ಮೋಡಚಿರತೆಯ (ಕ್ಲೌಡೆಡ್ ಲೆಪರ್ಡ್) ಆವರಣದ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆವು. ಕಂಡಿದ್ದು ಬಾಲ ಮಾತ್ರ. ಎತ್ತರದ ಕೊಂಬೆಯಿಂದ ಇಳಿಬಿದ್ದ ದಪ್ಪನೆಯ ಬಾಲ. ತುದಿ ಆಗಾಗ ಒಂಚೂರು ಮೇಲಕ್ಕೆ ಮಡಚಿ ಮತ್ತೆ ಸಡಿಲವಾಗುತ್ತಿತ್ತು.

"ಬಾಲ ಕಂಡ್ರೆ ಸಾಕಲ್ವಾ? ಬರ್ಕೊಳ್ತೀನಿ" ಎಂದ ಗೆಳೆಯ.

"ಇಲ್ಲ ಅಂಕಲ್, ಮುಖ ಕಾಣ್ಬೇಕು. ನೀವೇ ಹೇಳಿದ್ದು" ಎಂದಳು ನನ್ನ ಅಕ್ಕನ ಮಗಳು. ಅವಳಿಗೆ ಹತ್ತು ವರ್ಷ. ನಿಯಮ ಎಂದರೆ ನಿಯಮ.

ಮೂರು ದಿನ, ಮೂರು ಝೂ, ಎರಡು ತಂಡ. ನಾನು ಮತ್ತು ಅವಳು ಒಂದು ಕಡೆ, ಗೆಳೆಯ ಮತ್ತು ಅವನ ಹೆಂಡತಿ ಇನ್ನೊಂದು ಕಡೆ. ಯಾರಿಗೆ ಹೆಚ್ಚು ಜಾತಿಯ ಮಾಂಸಾಹಾರಿ ಪ್ರಾಣಿಗಳು ಕಾಣುತ್ತವೋ ಅವರು ಗೆದ್ದಂತೆ. ನೀವೂ ಇಂಥ ಪಂದ್ಯ ಕಟ್ಟುವುದಾದರೆ, ಮನೆ ಬಿಡುವ ಮೊದಲೇ ನಿಯಮ ಬರೆದಿಟ್ಟುಕೊಳ್ಳಿ. ನಾವು ಮೊದಲ ದಿನ ಗೇಟಿನ ಒಳಗೆ ನಿಂತು ಅರ್ಧ ಗಂಟೆ ವಾದ ಮಾಡಿದೆವು. ಬೆಳಗಿನ ಆ ಹೊತ್ತು ತುಂಬಾ ಬೆಲೆಯದು.

ವಾದ ಇದ್ದದ್ದು 'ಮಾಂಸಾಹಾರಿ' ಎಂದರೆ ಯಾವುದು ಅನ್ನುವುದರ ಮೇಲೆ. ಮೊಸಳೆ, ಹದ್ದು ಎಲ್ಲ ಮಾಂಸ ತಿನ್ನುತ್ತವೆ. ಅವನ್ನೆಲ್ಲ ಸೇರಿಸಿದರೆ ಲೆಕ್ಕಕ್ಕೆ ಕೊನೆಯೇ ಇಲ್ಲ. ಕೊನೆಗೆ ಕಾರ್ನಿವೋರಾ ಗಣಕ್ಕೆ ಸೇರಿದ ಸಸ್ತನಿಗಳು ಮಾತ್ರ ಎಂದು ಒಪ್ಪಿದೆವು. ಬೆಕ್ಕು, ನಾಯಿ, ಕರಡಿ, ಮುಂಗುಸಿ, ಪುನುಗು, ನೀರುನಾಯಿ, ಸೀಲ್ ಎಲ್ಲ ಇದರಲ್ಲಿ ಬರುತ್ತವೆ. ಇಲ್ಲಿ ಊಟ ಮುಖ್ಯ ಅಲ್ಲ, ವಂಶ ಮುಖ್ಯ. ಬಿದಿರು ತಿನ್ನುವ ದೊಡ್ಡ ಪಾಂಡಾ ಲೆಕ್ಕಕ್ಕಿದೆ. ಮಾಂಸ ಹರಿದು ತಿನ್ನುವ ಟಾಸ್ಮೇನಿಯನ್ ಡೆವಿಲ್ ಇಲ್ಲ, ಯಾಕೆಂದರೆ ಅದು ಕಾಂಗರೂ ಥರ ಹೊಟ್ಟೆಚೀಲದ ಪ್ರಾಣಿ. ಕತ್ತೆಕಿರುಬ ನಾಯಿಯಂತೆ ಕಂಡರೂ ಬೆಕ್ಕಿನ ಕಡೆಯ ಸಂಬಂಧಿ. ಇದನ್ನು ಕೇಳಿ ನಮ್ಮ ಹುಡುಗಿ ಅದರ ಮುಂದೆ ಹತ್ತು ನಿಮಿಷ ಅಲುಗಾಡದೆ ನಿಂತಳು.

ಬಣ್ಣಕ್ಕೆ ಅಂಕ ಇಲ್ಲ ಎಂದೂ ಬರೆದುಕೊಳ್ಳಿ. ಬಿಳಿ ಹುಲಿ ಬೇರೆ ಜಾತಿ ಅಲ್ಲ, ಹುಲಿಯೇ. ಕರಿಚಿರತೆ ಎಂದರೆ ಕಪ್ಪು ಬಣ್ಣದ ಚಿರತೆ, ಇಲ್ಲವೇ ಕಪ್ಪು ಜಾಗ್ವಾರ್. ಉಪಜಾತಿಗಳಿಗೂ ಒಂದೇ ಅಂಕ. ಫಲಕದಲ್ಲಿರುವ ವೈಜ್ಞಾನಿಕ ಹೆಸರನ್ನು ತಪ್ಪದೆ ಓದಿ. ಮೋಡಚಿರತೆಯಲ್ಲೇ ಎರಡು ಜಾತಿ ಇವೆ. ಬೋರ್ನಿಯೋ ಮತ್ತು ಸುಮಾತ್ರಾ ದ್ವೀಪಗಳದ್ದು ಬೇರೆಯೇ ಜಾತಿ ಎಂದು 2006ರಲ್ಲಿ ಗುರುತಿಸಿದರು. ಬರೀ 'ನೀರುನಾಯಿ' ಎಂದು ಬರೆದುಕೊಂಡು ಬಂದರೆ ಸಂಜೆ ಜಗಳ ಗ್ಯಾರಂಟಿ, ಅದರಲ್ಲೂ ಹತ್ತಕ್ಕೂ ಹೆಚ್ಚು ಜಾತಿ ಇವೆ.

ಗುರುತು ಹಿಡಿಯಲು ನಮಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಎರಡು. ಮೈಮೇಲಿನ ಹೂವಿನಂಥ ಮಚ್ಚೆಯ ಒಳಗೆ ಚುಕ್ಕೆ ಇದ್ದರೆ ಜಾಗ್ವಾರ್, ಖಾಲಿ ಇದ್ದರೆ ಚಿರತೆ. ಪುಟ್ಟ ಕಿವಿ ಹೊರಗೆ ಕಂಡರೆ, ಮುಂದಿನ ಈಜುಕಾಲು ಊರಿ ನಡೆದರೆ ಸೀ ಲಯನ್. ಹೊಟ್ಟೆಯ ಮೇಲೆ ತೆವಳಿದರೆ ಸೀಲ್.

ಸಮಯದ ವಿಷಯ. ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಿ. ಜಿರಾಫೆ ಎಲ್ಲೂ ಹೋಗುವುದಿಲ್ಲ, ನೇರ ದೊಡ್ಡ ಬೆಕ್ಕುಗಳ ಕಡೆ ನಡೆಯಿರಿ. ಬಿಸಿಲು ಏರಿದ ಮೇಲೆ ಅವು ಮಲಗಿಬಿಡುತ್ತವೆ. ಮಧ್ಯಾಹ್ನಕ್ಕೆ ಮುಂಗುಸಿ ಬಳಗದ ಮೀರ್ಕ್ಯಾಟ್, ಸಣ್ಣುಗುರಿನ ನೀರುನಾಯಿ ಇಟ್ಟುಕೊಳ್ಳಿ, ಅವು ಹಗಲಲ್ಲೂ ಚುರುಕು. ಸಂಜೆಗೆ ಏನನ್ನೂ ಉಳಿಸಬೇಡಿ. ಎಷ್ಟೋ ಝೂಗಳಲ್ಲಿ ಬಾಗಿಲು ಹಾಕುವ ಮೊದಲೇ ಪ್ರಾಣಿಗಳನ್ನು ಒಳಕೋಣೆಗೆ ಕರೆದುಕೊಳ್ಳುತ್ತಾರೆ.

ನಿಶಾಚರಿಗಳ ಮನೆ ಇದ್ದರೆ ಅದಕ್ಕೆ ಅಂತಲೇ ಒಂದು ಗಂಟೆ ಎತ್ತಿಡಿ. ಅಲ್ಲಿ ರಾತ್ರಿ ದೀಪ ಹಾಕಿ ಹಗಲು ಕತ್ತಲೆ ಮಾಡಿರುತ್ತಾರೆ, ನಾವು ಹೋದಾಗ ಪ್ರಾಣಿಗಳು ಎದ್ದಿರಲಿ ಎಂದು. ಒಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ. ಜನ "ಏನೂ ಇಲ್ಲ ಬಾ" ಎಂದು ಹೊರಟುಬಿಡುತ್ತಾರೆ. ಸುಮ್ನೆ ಒಂದು ಮೂಲೆಯಲ್ಲಿ ಹತ್ತು ನಿಮಿಷ ನಿಲ್ಲಿ. ಮೊಬೈಲ್ ತೆಗೆಯಬೇಡಿ, ಅದರ ಬೆಳಕಿಗೆ ಕಣ್ಣು ಮತ್ತೆ ಮೊದಲಿನಂತಾಗುತ್ತದೆ. ನಮಗೆ ಹೀಗೆ ನಿಂತಾಗಲೇ ಪುನುಗು ಬೆಕ್ಕು ಸಿಕ್ಕಿತು.

ಪುನುಗು ಬೆಕ್ಕಿನ ಬಳಗದ ಬಿಂಟುರಾಂಗನ್ನು ಮೊದಲು ಕಂಡುಹಿಡಿದದ್ದು ಕಣ್ಣಲ್ಲ, ಮೂಗು. "ಚಿಕ್ಕಿ, ಇಲ್ಲೆಲ್ಲೋ ಪಾಪ್‌ಕಾರ್ನ್ ಮಾಡ್ತಿದಾರೆ" ಎಂದಳು ಹುಡುಗಿ. ಸುತ್ತ ಅಂಗಡಿಯೇ ಇರಲಿಲ್ಲ. ಅದರ ಮೂತ್ರದಲ್ಲಿರುವ ಒಂದು ರಾಸಾಯನಿಕವೇ ಬಿಸಿ ಪಾಪ್‌ಕಾರ್ನ್‌ಗೂ ಆ ವಾಸನೆ ಕೊಡುವುದು. ತಲೆ ಎತ್ತಿದರೆ ಕೊಂಬೆಯ ಕವಲಿನಲ್ಲಿ ಕಪ್ಪು ಕಂಬಳಿ ಸುತ್ತಿಟ್ಟಂತೆ ಮಲಗಿತ್ತು. ಕಿವಿಯ ತುದಿಯ ಕೂದಲು ಗಾಳಿಗೆ ಅಲ್ಲಾಡುತ್ತಿತ್ತು.

ಎರಡನೇ ಝೂನಲ್ಲಿ ಎಡವಿದೆವು. ಕೆಂಪು ಪಾಂಡಾದ ಆವರಣ ರಿಪೇರಿಯಲ್ಲಿತ್ತು. ಅದರ ವೈಜ್ಞಾನಿಕ ಕುಟುಂಬದಲ್ಲಿ ಈಗ ಉಳಿದಿರುವುದು ಅದೊಂದೇ, ಅದಕ್ಕಾಗಿಯೇ ಹೋಗಿದ್ದೆವು. ಹುಡುಗಿಯ ಮುಖ ನೋಡಲಾಗಲಿಲ್ಲ. ನೀವು ಹಿಂದಿನ ದಿನವೇ ಫೋನ್ ಮಾಡಿ ಯಾವ ಪ್ರಾಣಿ ಹೊರಗಿರುತ್ತದೆ ಎಂದು ಕೇಳಿ, ಎರಡು ನಿಮಿಷದ ಕೆಲಸ.

ಅದೇ ದಿನ ಇನ್ನೊಂದು. ಮಡಗಾಸ್ಕರಿನ ಫೋಸಾ ಎಂಬ ಬೆಕ್ಕಿನಂಥ ಪ್ರಾಣಿ ಗಾಜಿನ ಹತ್ತಿರಕ್ಕೇ ಬಂದಿತ್ತು. ಮೈಯಷ್ಟೇ ಉದ್ದದ ಬಾಲ, ಮರದಿಂದ ತಲೆಕೆಳಗಾಗಿ ಇಳಿಯುತ್ತಿತ್ತು. ಪಕ್ಕದಲ್ಲಿದ್ದ ಯಾರೋ ಗಾಜು ಬಡಿದರು. ಅದು ಒಳಗೆ ಓಡಿತು, ಮತ್ತೆ ಬರಲೇ ಇಲ್ಲ. ಅವತ್ತಿನಿಂದ ನಮ್ಮಲ್ಲಿ ಹೊಸ ನಿಯಮ: ಗಾಜು ತಟ್ಟಿದರೆ, ಕೂಗಿ ಎಬ್ಬಿಸಿದರೆ ಐದು ಅಂಕ ಕಡಿತ. ಮಲಗಿರುವ ಪ್ರಾಣಿಗೆ ಮಲಗುವ ಹಕ್ಕಿದೆ.

ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ಎರಡೂ ತಂಡಕ್ಕೆ ತಲಾ 28. ಉಳಿದಿದ್ದು ಆ ಮೋಡಚಿರತೆ ಮಾತ್ರ. ಗೆಳೆಯನಿಗೆ ಕಾಲು ನೋವು. "ಅದು ಏಳಲ್ಲ ಬಿಡಿ" ಎಂದು ಇಬ್ಬರೂ ನೀರು ಕುಡಿಯಲು ಹೋದರು. ಹುಡುಗಿ ಕಟಕಟೆ ಬಿಡಲಿಲ್ಲ.

ಬಾಲ ಮೆಲ್ಲಗೆ ಮೇಲಕ್ಕೆ ಹೋಯಿತು. ಎಲೆಗಳ ನಡುವೆ ಒಂದು ಮುಖ ತಿರುಗಿ, ದೊಡ್ಡದಾಗಿ ಆಕಳಿಸಿತು. ಈಗಿರುವ ಬೆಕ್ಕುಗಳಲ್ಲಿ ದೇಹದ ಗಾತ್ರಕ್ಕೆ ಹೋಲಿಸಿದರೆ ಅತಿ ಉದ್ದದ ಕೋರೆಹಲ್ಲು ಇದರದ್ದೇ. ನಾಲ್ಕೂ ಕಂಡವು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಅವಳು ಪಿಸುಗುಟ್ಟಿದಳು, "ಇಪ್ಪತ್ತೊಂಬತ್ತು."